ಕಾಣದ ಗಾಯ

“ಸಾಹೇಬ್ರ, ಈ ಸಲ ದೊಡ್ಡದಾಗಿ ಕೊಯ್ರಿ. ಎಲ್ಲಾರಿಗೂ ಕಾಣಂಗ ಕೊಯ್ರಿ!”

ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಪಕ್ಕದ ಬೆಡ್ಡಿನ ಹೆಂಗಸು ಡಾಕ್ಟರಿಗೆ ಕೈಮುಗಿದು ಹೀಗೆ ಬೇಡಿಕೊಂಡಾಗ ನಾನು ದಂಗಾದೆ. ಆಗಷ್ಟೇ ಅದೇ ಡಾಕ್ಟರು ನನ್ನ ಪಿತ್ತಕೋಶ ತೆಗೆಯುವ ಬಗೆಯನ್ನು ವಿವರಿಸಿದ್ದರು. ಹೊಟ್ಟೆಗೆ ನಾಲ್ಕು ಸಣ್ಣ ತೂತು ಹಾಕಬಹುದು, ಇಲ್ಲವೇ ಹೊಕ್ಕುಳಲ್ಲಿ ಒಂದೇ ತೂತು. ಒಂದೇ ಆದರೆ ಗುರುತು ಕಾಣುವುದಿಲ್ಲ, ಆದರೆ ಭಾರ ಎತ್ತಿದರೆ ಹೊಲಿಗೆ ಬಿಡುವ ಭಯ ತುಸು ಹೆಚ್ಚು. ಸೀರೆ ಉಡುವ ನಾನು ಗುರುತು ಕಾಣದ್ದನ್ನೇ ಆರಿಸಿಕೊಂಡಿದ್ದೆ.

ಆಕೆ ಸಂಡೂರಿನ ಗಣಿಯಲ್ಲಿ ಅದಿರಿನ ಬುಟ್ಟಿ ಹೊರುವವಳು. ಆಕೆಯ ಪಿತ್ತಕೋಶವನ್ನೂ ಹೊಕ್ಕುಳಿನಿಂದಲೇ ತೆಗೆದು, ಭಾರ ಎತ್ತಬೇಡ ಎಂದು ಹೇಳಿ ಕಳಿಸಿದ್ದರಂತೆ. ಅದಿರು ತುಂಬಿಕೊಳ್ಳಲು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಮೇಸ್ತ್ರಿ ರಜೆ ಕೊಡುವನೇ?

“ಆಪರೇಷನ್ ಆಗೈತಿ ಅಂದ್ರ ಗಾಯ ತೋರ್ಸು ಅಂದ, ಅಕ್ಕಾರ. ಏನ್ ತೋರಿಸ್ಲಿ? ಸುಳ್ಳು ಹೇಳ್ತಿ ಅಂತ ಬುಟ್ಟಿ ಹೊರಿಸಿದ” ಎಂದಳು.

ಹೊಲಿಗೆ ಬಿಟ್ಟು ಕರುಳು ಹೊರಗೆ ಉಬ್ಬಿಕೊಂಡಿತ್ತು. ಅದನ್ನು ಸರಿಮಾಡಿಸಿಕೊಳ್ಳಲು ಮತ್ತೆ ಬಂದು ಮಲಗಿದ್ದಳು. ಡಾಕ್ಟರು ಮುಂದಿನ ಬೆಡ್ಡಿಗೆ ನಡೆದರು.

ನನ್ನ ಆಪರೇಷನ್ ಚೆನ್ನಾಗಿಯೇ ಆಯಿತು. ಕಂಪ್ಲಿಯ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನನಗೆ ನೀರಿನ ಕೊಡವನ್ನೂ ಎತ್ತಲು ಬಿಡಲಿಲ್ಲ. ಗಾಯ ತೋರಿಸು ಎಂದು ಒಬ್ಬರೂ ಕೇಳಲಿಲ್ಲ.