ಅಟ್ಟದ ಏಳನೇ ಮೆಟ್ಟಿಲು

ಆಗಿನ ದಿನಗಳಲ್ಲಿ ನಮ್ಮ ಕಡೆಯ ಹಳ್ಳಿಗಳಿಗೆ ಟೈಲ್ಸು ಆಗಷ್ಟೇ ಕಾಲಿಡುತ್ತಿತ್ತು. ಕೆಂಪು ಗಾರೆ ನೆಲ ಎಷ್ಟು ತಂಪಾಗಿತ್ತು, ಟೈಲ್ಸು ಬಂದು ಎಲ್ಲ ಹಾಳಾಯಿತು ಅಂತ ಮರುಗುವವರ ಬರಹಗಳನ್ನು ನಾನೂ ಓದಿದ್ದೇನೆ. ಹಾಗೆ ಬರೆಯುವವರಲ್ಲಿ ಎಷ್ಟು ಜನ ಮಂಡಿಯೂರಿ ಆ ನೆಲ ಒರೆಸಿದ್ದರೋ ಗೊತ್ತಿಲ್ಲ. ನನ್ನ ಬಾಲ್ಯವಂತೂ ಟೈಲ್ಸಿನದೇ, ಅದಕ್ಕೆ ನನಗೆ ನಾಚಿಕೆಯಿಲ್ಲ. ಬೇಸಿಗೆ ರಜ ಅಂದರೆ ಇವತ್ತಿಗೂ ನನ್ನ ಮೂಗಿಗೆ ಬರುವುದು ಎರಡೇ ವಾಸನೆ. ಒಂದು ಅಟ್ಟದ ಕೊಬ್ಬರಿಯದು, ಇನ್ನೊಂದು ಕಲಸಿದ ಟೈಲ್ಸ್ ಗಮ್ಮಿನದು. ಇವೆರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಅನ್ನುವುದನ್ನು ಹನ್ನೊಂದನೇ ವಯಸ್ಸಿನಲ್ಲಿ, ಅವ್ವನ ಮಾನವನ್ನೇ ಪಣಕ್ಕಿಟ್ಟು ಕಲಿತೆ.

ನಮ್ಮದು ದಂಡಿನಶಿವರದ ಪಕ್ಕದ ಊರು. ಅಪ್ಪ ಕಾಯಿ ಸುಲಿಯುವ ಗುಂಪಿನ ಜೊತೆ ತೋಟದಿಂದ ತೋಟಕ್ಕೆ ಹೋಗುತ್ತಿದ್ದವನು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವ್ವ ಜಯಮ್ಮ, ಗಾರೆ ಕೆಲಸದ ಕೃಷ್ಣಪ್ಪ ಮೇಸ್ತ್ರಿಯ ಕೈಕೆಳಗೆ ಎಂಟು ವರ್ಷದಿಂದ ಬಾಂಡ್ಲಿ ಹೊರುತ್ತಿದ್ದಳು. ಹೊರುತ್ತಿದ್ದಳು ಅನ್ನುವುದು ಹೆಸರಿಗೆ. ಮೇಸ್ತ್ರಿ ಎಲೆ ಅಡಿಕೆ ಹಾಕಿಕೊಳ್ಳಲು ಜಗಲಿಗೆ ಹೋದನೆಂದರೆ ಮೂಲೆಯ ಟೈಲ್ಸು ಕೊಯ್ದು ಕೂರಿಸುತ್ತಿದ್ದವಳು ಅವ್ವ. ಅವನು ಬಂದು ಮಟ್ಟ ಸರಿಯಿದೆಯಾ ಅಂತ ರಸಮಟ್ಟ ಇಟ್ಟು ನೋಡಿ, ಹೂಂ ಅಂದು, ಮನೆಯವರ ಹತ್ತಿರ ಹೊಗಳಿಸಿಕೊಳ್ಳುತ್ತಿದ್ದ. ಕೆಟ್ಟವನೇನಲ್ಲ. ಹೆಂಗಸಿನ ಕೈಯಲ್ಲಿ ಗಾರೆ ಮೆತ್ತುವ ಕರಣೆ ಇದ್ದರೆ ಅದು ಅವನ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಊರಿನಲ್ಲೇ ದೊಡ್ಡ ಅಟ್ಟ ನಂಜಪ್ಪನವರ ಮನೆಯದು. ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಅಂದರೆ ಇನ್ನೂ ನೀರಿದೆ. ಲೊಟಲೊಟ ಅಂದರೆ ಇಳಿಸಬಹುದು. ನಾವು ಮಕ್ಕಳು ಇದರಲ್ಲೇ ಪಂದ್ಯ ಕಟ್ಟುತ್ತಿದ್ದೆವು, ನಾನು ಸೋತದ್ದು ಕಡಿಮೆ. ನಂಜಪ್ಪನವರ ಹೆಂಡತಿ ಪಾರ್ವತಮ್ಮನವರು ನನ್ನನ್ನು ಅಟ್ಟಕ್ಕೆ ಹತ್ತಿಸಿ, ಯಾವ ಕಾಯಿ ಆಗಿದೆ ಅಂತ ನನ್ನಿಂದ ತಿಳಿದುಕೊಂಡು, ಲಂಗಕ್ಕೆ ಒಂದು ಹೋಳು ಕೊಬ್ಬರಿ, ಒಂದು ಹೆಂಟೆ ಬೆಲ್ಲ ಹಾಕಿ ಕಳಿಸುತ್ತಿದ್ದರು. ಆ ಬೆಲ್ಲದಾಸೆಗೆ ನಾನು ಕರೆಯದಿದ್ದರೂ ಹೋಗುತ್ತಿದ್ದೆ.

ಆ ಅಟ್ಟಕ್ಕೆ ಹದಿಮೂರು ಮೆಟ್ಟಿಲು. ಎರಡೂ ಕಡೆ ಕಬ್ಬಿಣದ ಪಟ್ಟಿ, ನಡುವೆ ಮರದ ಹಲಗೆ. ವರ್ಷಾನುಗಟ್ಟಲೆ ಅಟ್ಟದಲ್ಲಿ ಒಡೆದ ಕಾಯಿಗಳ ಕೊಬ್ಬರಿ ತುಳಿದ ಕಾಲು ಅದೇ ಹಲಗೆಯ ಮೇಲೆ ಹತ್ತಿಳಿದು, ಎಣ್ಣೆ ಕುಡಿದ ಹಲಗೆಗಳು ಕನ್ನಡಿಯಂತೆ ಮಿರುಗುತ್ತಿದ್ದವು. ನನಗೆ ಹನ್ನೊಂದಾಗಿದ್ದ ಆ ವರ್ಷ ಪಾರ್ವತಮ್ಮನವರು ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಇನ್ನು ಯಾರೂ ಜಾರಬಾರದು ಅಂತ ನಂಜಪ್ಪನವರು ತುರುವೇಕೆರೆಯಿಂದ ಮೈ ಒರಟಾದ ಟೈಲ್ಸು ತರಿಸಿದರು. ಕೃಷ್ಣಪ್ಪ ಮೇಸ್ತ್ರಿ ಹಲಗೆಯ ಮೇಲೆ ನೇರ ಸಿಮೆಂಟು ಬಡಿದು ಕೂರಿಸಿದ. ತಿಂಗಳೊಳಗೆ ಅವು ಹಪ್ಪಳದಂತೆ ಎದ್ದು ಬಂದವು.

ಎದ್ದ ಟೈಲ್ಸು ಗುಡ್ಡೆ ಹಾಕಿ ನಂಜಪ್ಪನವರು ಮೇಸ್ತ್ರಿಯನ್ನು ಕರೆಸಿದ ದಿನ ನಾನೂ ಅಲ್ಲಿದ್ದೆ. ಮರಕ್ಕೆ ಟೈಲ್ಸು ಯಾವತ್ತೂ ನಿಲ್ಲುವುದಿಲ್ಲ, ನಿಮ್ಮ ಮೆಟ್ಟಿಲೇ ಸರಿಯಿಲ್ಲ ಅಂತ ಮೇಸ್ತ್ರಿ ವಾದಕ್ಕಿಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೊಂಟದ ಮೇಲೆ ಬಾಂಡ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಅವ್ವ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಳು.

"ಮೆಟ್ಲು ತಪ್ಪಲ್ಲ ಮೇಸ್ತ್ರಿ. ಹಲಗೆ ತುಂಬ ಎಣ್ಣೆ ಐತೆ, ತುಳಿದ್ರೆ ಬಗ್ತೈತೆ. ಅದ್ಕೇ ಎದ್ದವು. ನಾನು ಕೂರಿಸ್ತೀನಿ."

ಮೇಸ್ತ್ರಿ ಮೊದಲು ನಕ್ಕ. ಯಾರೂ ಜೊತೆಗೆ ನಗಲಿಲ್ಲ ಅಂತ ಗೊತ್ತಾದ ಮೇಲೆ ಅವನ ಮುಖ ಗಂಟಾಯಿತು. ಕೂರಿಸು, ಆದರೆ ನಾಳೆಯಿಂದ ನನ್ನ ಕೆಲಸಕ್ಕೆ ಬರಬೇಡ, ಇದರಲ್ಲಿ ಒಂದು ಟೈಲ್ಸು ಎದ್ದರೂ ಸುತ್ತಮುತ್ತಲ ಊರಲ್ಲಿ ಯಾರೂ ನಿನ್ನನ್ನು ಬಾಂಡ್ಲಿಗೂ ಕರೆಯದ ಹಾಗೆ ಮಾಡುತ್ತೇನೆ ಅಂದ. ನಂಜಪ್ಪನವರು ಯಾರ ಪರವೂ ವಹಿಸಲಿಲ್ಲ. ಅಟ್ಟದ ಕಾಯಿ ಇಳಿಸುವ ದಿನ ಆಳುಗಳು ಕಾಯಿ ತುಂಬಿದ ಮಂಕರಿ ಹೊತ್ತು ಇಳಿಯುತ್ತಾರೆ, ಆ ತುಳಿತಕ್ಕೆ ನಿಂತರೆ ಕೆಲಸ ಒಪ್ಪುತ್ತೇನೆ ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅವ್ವ ಏನೇನು ಸಾಮಾನು ತರಿಸಬೇಕು ಅಂತ ಬೆರಳು ಮಡಿಸಿ ಎಣಿಸಿದಳು. ಸಿಮೆಂಟು ಬೇಡ, ಟೈಲ್ಸ್ ಗಮ್ಮೇ ಆಗಬೇಕು ಅಂದಳು.

ಗಮ್ಮಿನ ಮೂಟೆಯ ಹಿಂದೆ ಕನ್ನಡದಲ್ಲಿ ಬಳಸುವ ಕ್ರಮ ಅಚ್ಚಾಗಿತ್ತು. ಅವ್ವನಿಗೆ ರುಜು ಹಾಕುವಷ್ಟೇ ಓದು. ನಾನು ಗಟ್ಟಿಯಾಗಿ ಓದಿದೆ. "ಮೇಲ್ಮೈಯಲ್ಲಿ ಧೂಳು, ಎಣ್ಣೆ, ಜಿಡ್ಡು ಇರಬಾರದು." ಆ ಸಾಲನ್ನು ಅವ್ವ ಮೂರು ಸಲ ಓದಿಸಿದಳು. ಆಮೇಲೆ ಅಂಟುವಾಳದ ಕಾಯಿ ನೆನೆಹಾಕಿ, ನನ್ನ ತಲೆಗೆ ಎಣ್ಣೆ ಸ್ನಾನದ ದಿನ ತಿಕ್ಕುವ ಹಾಗೆಯೇ ಹಲಗೆಗಳನ್ನು ತಿಕ್ಕಿ ತಿಕ್ಕಿ ತೊಳೆದಳು. ಮೊದಲ ನೀರು ಕಷಾಯದ ಬಣ್ಣಕ್ಕಿತ್ತು. ನಾಲ್ಕು ದಿನ ಒಣಗಲು ಬಿಟ್ಟಳು. ವೆಲ್ಡಿಂಗ್‌ನವನನ್ನು ಕರೆಸಿ, ಬಗ್ಗದ ಹಾಗೆ ಪ್ರತಿ ಹಲಗೆಯ ಅಡಿಗೂ ಕಬ್ಬಿಣದ ಆಸರೆ ಕೊಡಿಸಿದಳು. ಹಲಗೆಯ ಮೇಲೆ ಸಿಮೆಂಟ್ ಬೋರ್ಡು ಇಟ್ಟು ಸ್ಕ್ರೂ ಹೊಡೆದು, ಅದರ ಮೇಲೆ ಗಮ್ಮು ಹರಡಿ ಹಲ್ಲಿನ ಕರಣೆಯಿಂದ ಬಾಚಿದಳು. ಕಬ್ಬಿಣಕ್ಕೆ ತಾಗದ ಹಾಗೆ ಟೈಲ್ಸಿನ ಎರಡೂ ಬದಿಗೆ ಬೆಂಕಿಕಡ್ಡಿಯಷ್ಟು ಸಂದಿ ಬಿಟ್ಟಳು. ಮರ ಒಂದು ಥರ ಹಿಗ್ಗುತ್ತದೆ, ಕಬ್ಬಿಣ ಇನ್ನೊಂದು ಥರ, ಜಾಗ ಕೊಡದಿದ್ದರೆ ಜಗಳ ಆಡುತ್ತವೆ ಅನ್ನುತ್ತಿದ್ದಳು. ಕೆಳಗಿನಿಂದ ಟೈಲ್ಸು ಎತ್ತಿ ಕೊಡುವುದು ನನ್ನ ಕೆಲಸ. ಮೆಟ್ಟಿಲಿಗೆ ಎರಡು, ಒಟ್ಟು ಇಪ್ಪತ್ತಾರು.

ಮೆಟ್ಟಿಲು ಅರ್ಧ ಮುಗಿದ ದಿನ ಮಧ್ಯಾಹ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಪಾರ್ವತಮ್ಮನವರು ಕೊಟ್ಟ ಕೊಬ್ಬರಿ, ಬೆಲ್ಲ ಲಂಗದಲ್ಲಿತ್ತು. ಕೊಬ್ಬರಿಯನ್ನೂ ಬೆಲ್ಲವನ್ನೂ ಒಟ್ಟಿಗೆ ಕುಟ್ಟಿ ತಿಂದರೆ ಅದರ ರುಚಿಯೇ ಬೇರೆ. ಕುಟ್ಟಲು ಕಲ್ಲು ಸಿಕ್ಕಿತು, ಅದರಡಿಗೆ ಹಾಸಲು ಏನೂ ಸಿಗಲಿಲ್ಲ. ಒಂದು ಟೈಲ್ಸು ಬೋರಲು ಹಾಕಿದೆ. ಅದರ ಬೆನ್ನು ಇಟ್ಟಿಗೆ ಬಣ್ಣದ ಒರಟು ಮಣ್ಣು, ಕುಟ್ಟಲು ಹೇಳಿ ಮಾಡಿಸಿದ ಹಾಗಿತ್ತು. ಚೆನ್ನಾಗಿ ಜಜ್ಜಿ, ತಿಂದು, ಬೆರಳು ನೆಕ್ಕಿ, ಟೈಲ್ಸನ್ನು ಲಂಗದಲ್ಲಿ ಒರೆಸಿ ಗುಡ್ಡೆಗೆ ಸೇರಿಸಿದೆ. ಅದು ಏಳನೇ ಮೆಟ್ಟಿಲ ಬಲಗಡೆಗೆ ಹೋಯಿತು. ಕೊಡುವಾಗ ಬೆನ್ನ ಮೇಲೆ ಕಪ್ಪಗೆ ಎಣ್ಣೆ ಇಂಗಿದ್ದು ಕಂಡಿತ್ತು. ಅಟ್ಟದ ಕೆಳಗಿನ ಮಬ್ಬಿನಲ್ಲಿ ಅವ್ವನಿಗೆ ಕಾಣಲಿಲ್ಲ. ಎಣ್ಣೆ, ಜಿಡ್ಡು ಇರಬಾರದು ಅಂತ ಮೂರು ಸಲ ಓದಿದವಳು ನಾನೇ. ಬೈಗುಳಕ್ಕೆ ಹೆದರಿ ಸುಮ್ಮನಿದ್ದೆ.

ಕೆಲಸ ಮುಗಿದು ಹದಿನೈದು ದಿನ ಆ ಮೆಟ್ಟಿಲ ಬಲಗಡೆ ಕಾಲಿಡದೆ ಓಡಾಡಿದೆ.

ಕಾಯಿ ಇಳಿಸುವ ದಿನ ಬಂತು. ಆರು ಜನ ಆಳುಗಳು ತಲೆಗೆ ಸಿಂಬಿ ಇಟ್ಟು, ಮಂಕರಿ ಹೊತ್ತು ಸಾಲಾಗಿ ಇಳಿಯುತ್ತಿದ್ದರು. ಕೃಷ್ಣಪ್ಪ ಮೇಸ್ತ್ರಿಯನ್ನು ಯಾರೂ ಕರೆದಿರಲಿಲ್ಲ, ಆದರೂ ಬಂದು ಎಲೆ ಅಡಿಕೆ ಜಗಿಯುತ್ತಾ ಪಡಸಾಲೆಯಲ್ಲಿ ಕೂತಿದ್ದ. ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಮೆಟ್ಟಿಲ ಬುಡದಲ್ಲಿ ಕೂತು ಕೇಳುತ್ತಿದ್ದೆ. ಟಪ್, ಟಪ್, ಟಪ್, ಏಳನೆಯದಕ್ಕೆ ಡೊಬ್. ಮತ್ತೆ ಟಪ್. ಇಡೀ ಮನೆಯಲ್ಲಿ ಆ ಡೊಬ್ ಕೇಳಿಸುತ್ತಿದ್ದದ್ದು ನನ್ನೊಬ್ಬಳಿಗೇ. ಕಾಯಿ ಅಲ್ಲಾಡಿಸಿ ಪಳಗಿದ ಹಾಳು ಕಿವಿ ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಹಿತ್ತಲಲ್ಲಿ ಮುದ್ದೆ, ಬಸ್ಸಾರು ಬಡಿಸಿದ್ದರು. ನಾನು ಮುದ್ದೆ ಮುರಿಯದೆ ಎದ್ದು ಅವ್ವನ ಪಕ್ಕ ಹೋಗಿ ಕೂತೆ. ಅವ್ವನ ಕಿವಿಯಲ್ಲಿ ಹೇಳಿದೆ.

"ಅವ್ವ, ಏಳನೇದು ಟೊಳ್ಳು. ನಾನು ಅದರ ಬೆನ್ನ ಮೇಲೆ ಕೊಬ್ರಿ ಬೆಲ್ಲ ಕುಟ್ಟಿದ್ದೆ. ಯಾರ್ಗೂ ಗೊತ್ತಾಗಿಲ್ಲ. ಸಂಜೆಗಂಟ ನಿಂತ್ರೆ ಸಾಕು, ಸುಮ್ನಿದ್ದುಬುಡು."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಎದ್ದು ಕೈ ತೊಳೆದು, ಚೀಲದಿಂದ ಸುತ್ತಿಗೆ, ಉಳಿ ತೆಗೆದುಕೊಂಡು ನೇರ ಮೆಟ್ಟಿಲು ಹತ್ತಿದಳು. ನಾನು ಹಿಂದೆಯೇ ಓಡಿದೆ. ಏಳನೆಯದರ ಮೇಲೆ ಸುತ್ತಿಗೆಯ ಹಿಡಿಯಿಂದ ಒಂದು ತಟ್ಟು ತಟ್ಟಿದಳು. ಡೊಬ್. ಸಂದಿಗೆ ಉಳಿ ಇಟ್ಟು ಒಂದೇ ಏಟು ಕೊಟ್ಟಳು. ಟೈಲ್ಸು ಇಡಿಯಾಗಿ ಕಳಚಿಕೊಂಡು ಬಂತು. ಬೆನ್ನ ಮೇಲೆ ಎಣ್ಣೆಯ ಕಲೆ ಹಾಗೇ ಇತ್ತು.

ಉಣ್ಣುತ್ತಿದ್ದವರೆಲ್ಲ ಎದ್ದು ಬಂದರು. ನಿಂತಿರುವುದನ್ನು ಯಾಕಮ್ಮ ಕೀಳುತ್ತೀಯ ಅಂತ ನಂಜಪ್ಪನವರು ದಿಗಿಲಾಗಿ ಕೇಳಿದರು. ಕೃಷ್ಣಪ್ಪ ಮೇಸ್ತ್ರಿ ಮಾತ್ರ ಪಡಸಾಲೆಯಿಂದಲೇ ಊರಿಗೆಲ್ಲ ಕೇಳಿಸುವ ಹಾಗೆ, ಎದ್ದು ಬಂತಲ್ಲ, ನಾನು ಹೇಳಿರಲಿಲ್ಲವಾ ಅಂದ.

ಅವ್ವ ಅವನ ಕಡೆ ತಿರುಗಿದಳು. "ಅದು ಏಳ್ಲಿಲ್ಲ ಮೇಸ್ತ್ರಿ. ನಾನು ಎಬ್ಬಿಸ್ದೆ. ನನ್ನ ಕೆಲಸದಾಗೆ ಟೊಳ್ಳು ಇದ್ರೆ ನಾನೇ ಕೀಳ್ತೀನಿ, ಇನ್ನೊಬ್ರು ಬಿದ್ದು ತೋರ್ಸೋದು ಬ್ಯಾಡ." ಆಮೇಲೆ ಇಳಿದು ಹೋಗಿ ಸುತ್ತಿಗೆ, ಉಳಿ ಅವನ ಮುಂದೆ ಚಾಚಿದಳು. "ಇನ್ನೂ ಇಪ್ಪತ್ತೈದು ಅವೆ. ನಿಮ್ಗೆ ಯಾವ್ದು ಬೇಕೋ ಅದ್ನ ಎಬ್ಸಿ."

ಅವನಿಗೆ ಹಿಂದೆ ಸರಿಯಲು ಆಗಲಿಲ್ಲ. ಕೆಳಗಿನಿಂದ ಮೇಲಿನವರೆಗೆ ಒಂದೊಂದನ್ನೂ ತಟ್ಟಿದ. ಇಳಿಯುತ್ತಾ ಮೂರನೆಯ ಮೆಟ್ಟಿಲ ಮೂಲೆಗೆ ಉಳಿ ಇಟ್ಟು, ಸಿಟ್ಟಿನಲ್ಲೇ ಇರಬೇಕು, ಬಲವಾಗಿ ಹೊಡೆದ. ಮೂಲೆ ಒಡೆಯಿತು. ಒಡೆದ ಚೂರು ಮಾತ್ರ ಅಲ್ಲೇ ಕಚ್ಚಿಕೊಂಡು ಕೂತಿತ್ತು. ಇನ್ನೊಂದು ಏಟು ಹೊಡೆದ, ಚೂರು ಪುಡಿಯಾಯಿತೇ ಹೊರತು ಬಿಡಲಿಲ್ಲ. ಸುತ್ತಿಗೆ ಕೆಳಗಿಟ್ಟ.

ನಂಜಪ್ಪನವರು ಬಗ್ಗಿ ಒಡೆದ ಮೂಲೆಯನ್ನು ಬೆರಳಿಂದ ಒತ್ತಿ ನೋಡಿದರು. ಆಮೇಲೆ ಆಳುಗಳ ಕಡೆ ತಿರುಗಿ, ಉಳಿದ ಕಾಯಿ ನಾಡಿದ್ದು ಇಳಿಸಿದರಾಯಿತು, ಏಳನೇದು ಒಣಗಲಿ ಅಂದರು. ಒಳಗಿನಿಂದ ಪಾರ್ವತಮ್ಮನವರು ಸರಿಯಾಗಿದ್ದ ಒಂದು ಕೈಯಲ್ಲಿ ಲೋಟ ಹಿಡಿದು ಬಂದು "ಮೇಸ್ತ್ರಿ, ಕಾಫಿ ತಗಳಿ" ಅಂದರು. ಕೃಷ್ಣಪ್ಪ ಅಭ್ಯಾಸದಂತೆ ಕೈ ಚಾಚಿದ. ಲೋಟ ಅವನನ್ನು ದಾಟಿ ಅವ್ವನ ಹತ್ತಿರ ಹೋಯಿತು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಸಿಹಿ ತಿಂದ ಹಾಗಾಗುತ್ತದೆ, ಮುಚ್ಚಿಡುವುದೇಕೆ.

ನನಗೂ ಶಿಕ್ಷೆಯಾಯಿತು. ಸಂಜೆ ಅವ್ವ ಸೋಪು ಕೊಟ್ಟು ಕೈ ತೊಳೆಸಿದಳು, ಮೂಸಿ ನೋಡಿದಳು, ಇನ್ನೂ ಕೊಬ್ಬರಿ ವಾಸನೆ ಇದೆ ಅಂತ ಮತ್ತೆ ತೊಳೆಸಿದಳು. ಮೂರನೇ ಸಲಕ್ಕೆ ಒಪ್ಪಿ, ಕರಣೆ ನನ್ನ ಕೈಗಿಟ್ಟಳು. ಏಳನೇ ಮೆಟ್ಟಿಲ ಬಲಗಡೆಗೆ ಹೊಸ ಟೈಲ್ಸು ಕೂರಿಸಿದವಳು ನಾನು. ಅದು ನನ್ನ ಮೊದಲ ಟೈಲ್ಸು.

ಈಗ ನಾನು ಅದೇ ಕೆಲಸ ಮಾಡುತ್ತೇನೆ. ಓದಿಸಿದ್ದು ಇದಕ್ಕಾ ಅಂತ ಕೇಳುವವರಿಗೆ ಹೌದು ಅನ್ನುತ್ತೇನೆ. ಮಟ್ಟ ನೋಡಲು ಲೇಸರ್ ಇದೆ, ತಟ್ಟಿ ಕೇಳುವ ತಾಳ್ಮೆ ನನ್ನ ಜೊತೆ ಕೆಲಸಕ್ಕಿರುವ ಹುಡುಗಿಯರಿಗಿಲ್ಲ. ನಂಜಪ್ಪನವರ ಮನೆಯವರು ಈಗ ಕಾಯಿಯನ್ನು ತೋಟದಲ್ಲೇ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ, ಅಟ್ಟದಲ್ಲಿ ವರ್ಷಗಟ್ಟಲೆ ಕಾಯುವವರು ಯಾರೂ ಇಲ್ಲ. ಕಿವಿಯ ಹತ್ತಿರ ಕಾಯಿ ಅಲ್ಲಾಡಿಸುವುದು ನನ್ನ ಮಗನಿಗೆ ಗೊತ್ತೇ ಇಲ್ಲ. ಅವ್ವ ಮುಂದೆ ಹದಿನೆಂಟು ವರ್ಷ ಮೇಸ್ತ್ರಿಯಾಗಿ ದುಡಿದಳು. ಕಟಿಂಗ್ ಮಿಷನ್ನಿನ ಸದ್ದು ಅವಳ ಎರಡೂ ಕಿವಿ ತಿಂದುಹಾಕಿತು. ನನಗೆ ಅತ್ಯಂತ ನೋವಿನ ನಷ್ಟ ಅದೇ.

ಹೋದ ವರ್ಷ ಆ ಹಳೇ ಮನೆ ಕೆಡವಿದರು. ಅವ್ವನಿಗೆ ಒಂದು ಟೈಲ್ಸು ತಂದುಕೊಡೋಣ ಅಂತ ನಾನು ಹೋದೆ. ಮೆಟ್ಟಿಲನ್ನು ಗುಜರಿಯವನು ಕೊಂಡಿದ್ದ, ಅಂಗಳದಲ್ಲಿ ಮಲಗಿಸಿಕೊಂಡು ಟೈಲ್ಸು ಬಿಡಿಸಲು ಹೆಣಗುತ್ತಿದ್ದ. ಮೂರನೆಯದರಲ್ಲಿ ಕೃಷ್ಣಪ್ಪ ಒಡೆದ ಮೂಲೆ ಹಾಗೇ ಇತ್ತು. ಬೆಳಗಿನಿಂದ ಬಡೀತಾ ಇದೀನಿ, ಒಡೀತವೆ, ಬಿಡಲ್ಲ, ಯಾವ ಪುಣ್ಯಾತ್ಮ ಅಂಟಿಸಿದ್ದು ಅಂತ ಬೈದ. ನನ್ನ ಅವ್ವ ಅಂದೆ. ಇಡೀ ಟೈಲ್ಸು ಒಂದೂ ಸಿಗಲಿಲ್ಲ. ಏಳನೆಯದರ ಬಲಗಡೆಯಿಂದ, ಬೋರ್ಡು ಕಚ್ಚಿಕೊಂಡೇ ಇದ್ದ ಅಂಗೈಯಗಲದ ಚೂರು ತಂದೆ.

ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸವರಿದಳು. ಬೆರಳ ಗಿಣ್ಣಿನಿಂದ ತಟ್ಟಿದಳು. ಏನೂ ಕೇಳಿಸದೆ ನನ್ನ ಮುಖ ನೋಡಿದಳು. ನಾನು ಅವಳ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ, ಗಟ್ಟಿ ಐತೆ ಕಣವ್ವ, ಟೊಳ್ಳಿಲ್ಲ.

"ಅದು ನಂಗೊತ್ತು ಬುಡು," ಅಂದಳು.