ಅತ್ತೆ ಅಂಗಳದಲ್ಲಿ ಬಿದ್ದ ದಿನ

ಸೆನೋಬಿಯಾ ನಮ್ಮ ಪಕ್ಕದ ಮನೆಯವಳು. ತಿತಿಕಾಕಾ ಸರೋವರದ ದಂಡೆಯ ನಮ್ಮ ಊರಿಗೆ ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಳು. ಗಂಡ ಫೆರ್ಮಿನ್ ಮೀನುಗಾರ. ಕುಡಿಯದಿದ್ದ ದಿನ ಅವನ ನಾಯಿ ಮುಂದೆ ಮುಂದೆ ಓಡಿ ಬರುತ್ತಿತ್ತು. ಕುಡಿದ ದಿನ ಹೆದರಿ ಹಿಂದೆಲ್ಲೋ ಉಳಿಯುತ್ತಿತ್ತು. ದಿಬ್ಬದ ಮೇಲೆ ಮೊದಲು ಕಾಣುವುದು ನಾಯಿಯೋ ಗಂಡನೋ ಎಂದು ಸೆನೋಬಿಯಾ ನೋಡುತ್ತಿದ್ದಳು.

ಅದನ್ನು ನಾವ್ಯಾರೂ ಹಿಂಸೆ ಎನ್ನುತ್ತಿರಲಿಲ್ಲ. "ಅವನಿಗೆ ಸಿಟ್ಟು ಜಾಸ್ತಿ" ಎನ್ನುತ್ತಿದ್ದೆವು. ಅವಳ ಕೂಗು ಕೇಳಿದರೆ ನಾನು ರೇಡಿಯೊ ಜೋರು ಮಾಡುತ್ತಿದ್ದೆ. ಅವಳ ಅತ್ತೆ ಬಾಸಿಲಿಯಾ, "ನಾನೂ ತಿಂದಿಲ್ವೇನೇ ಏಟು? ಸತ್ತೋದ್ನಾ?" ಎಂದು ಗದರುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಗಾಯ ನೋಡಿ ಕೇಳಿದಾಗ ಸೆನೋಬಿಯಾ, "ಕುಡಿದಾಗ ಮಾತ್ರ ಹೊಡೀತಾರೆ" ಎಂದಳಂತೆ.

ಜೂನ್ ತಿಂಗಳು, ನಮ್ಮಲ್ಲಿ ಚಳಿಗಾಲ; ಒಂದು ಮಧ್ಯಾಹ್ನ ಹೆಂಗಸರೆಲ್ಲ ಹೊಲದಲ್ಲಿ, ಒಣಗಿಸಿಡಲೆಂದು ರಾತ್ರಿ ಹಿಮಕ್ಕಿಟ್ಟ ಆಲೂಗಡ್ಡೆಯನ್ನು ನೀರು ಹೋಗುವಂತೆ ತುಳಿಯುತ್ತಿದ್ದರು. ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಸೆನೋಬಿಯಾ ಬೆನ್ನಿಗೆ ಮಗು ಕಟ್ಟಿಕೊಂಡು ಬರಿಗಾಲಲ್ಲಿ ಓಡಿ ಬಂದಳು.

"ಅಕ್ಕಾ, ಬಾಗಿಲು ಹಾಕು. ಬರ್ತಾ ಇದ್ದಾರೆ."

ನಾನು ಅಗುಳಿ ಹಾಕಿದೆ. ಫೆರ್ಮಿನ್ ದೋಣಿಯ ಹುಟ್ಟಿನಿಂದ ಬಾಗಿಲಿಗೆ ಬಡಿಯತೊಡಗಿದ.

"ಬಾರೇ ಆಚೆ! ಇವತ್ತು ನಿನ್ನ ಹೂತಾಕ್ತೀನಿ!"

ಮಗು ಬಿಕ್ಕಿತು. ಸೆನೋಬಿಯಾ ಅದನ್ನು ಬೆನ್ನಿನಿಂದ ಮುಂದಕ್ಕೆ ಎಳೆದುಕೊಂಡು ಬಾಯಿ ಮುಚ್ಚಿದಳು. ಎಷ್ಟು ಬಿಗಿಯಾಗಿ ಎಂದರೆ ಮಗುವಿನ ಮುಖ ಕಪ್ಪಿಟ್ಟಿತು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಾಗಿಲ ಹಲಗೆ ಸೀಳಿತು.

ಅಷ್ಟರಲ್ಲಿ ಹೊರಗೆ ಬಾಸಿಲಿಯಾಳ ದನಿ. "ಹುಟ್ಟು ಕೆಳಗಿಡೋ!"

"ನೀನು ನಡಿ ಅವ್ವಾ, ನಿಂಗ್ಯಾಕೆ?"

ಯಾರೋ ದೊಪ್ಪನೆ ಬಿದ್ದ ಸದ್ದು. ಸೀಳಿನಲ್ಲಿ ಇಣುಕಿದೆ. ಅವನು ತಳ್ಳಿರಬೇಕು, ಮುದುಕಿ ಅಂಗಳದಲ್ಲಿ ಬಿದ್ದಿದ್ದಳು, ಮಣಿಕಟ್ಟು ತಿರುಚಿಕೊಂಡಿತ್ತು. ಬಿದ್ದಲ್ಲಿಂದಲೇ ಹೊಲದವರೆಗೆ ಕೇಳುವಂತೆ ಕಿರುಚಿದಳು: "ಬನ್ರೇ! ನನ್ನ ಮಗ ಹೆಂಡ್ತೀನ ಕೊಲ್ತಾ ಇದ್ದಾನೆ!"

ಹೆಂಗಸರು ಬಂದರು. ಯಾರೂ ಅವನನ್ನು ಮುಟ್ಟಲಿಲ್ಲ, ಸುತ್ತ ನಿಂತರು. ಅವರಿಗೂ ಭಯವೇ. ಆದರೂ ಯಾರೂ ಹಿಂದೆ ಸರಿಯಲಿಲ್ಲ. ಫೆರ್ಮಿನ್ ಹುಟ್ಟು ಬಿಸಾಡಿ ಹೊರಟುಹೋದ.

ಮರುದಿನ ಊರಿನ ಯಜಮಾನಿಕೆಯನ್ನು ಜೊತೆಯಾಗಿ ನಡೆಸುವ ಗಂಡ ಹೆಂಡತಿ ಪಂಚಾಯ್ತಿ ಕೂಡಿಸಿದರು. ಹೇಳು ಎಂದಾಗ ಸೆನೋಬಿಯಾ ಮಗುವಿನ ಬಟ್ಟೆ ಸರಿಮಾಡುತ್ತ ಕೂತಳು. ಕೈಗೆ ಬಟ್ಟೆ ಸುತ್ತಿಕೊಂಡ ಬಾಸಿಲಿಯಾ, "ಹೇಳೇ ಮಗಳೇ, ನಾನಿದ್ದೀನಿ. ಸಹಿಸ್ಕೋ ಅಂದವಳು ನಾನೇ, ತಪ್ಪು ನಂದು" ಎಂದಳು. ಆಮೇಲೆ ಸೆನೋಬಿಯಾ ಎಲ್ಲ ಹೇಳಿದಳು, ಆರು ವರ್ಷದ್ದು.

ಫೆರ್ಮಿನ್‌ನನ್ನು ಊರಿಂದ ಹೊರಗೆ ಹಾಕಿದರು. ಎಲ್ ಆಲ್ಟೋ ಪೇಟೆಯಲ್ಲಿ ಅಣ್ಣನ ಮನೆಯಲ್ಲಿದ್ದಾನೆ. ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಎರಡು ವರ್ಷವಾಯಿತು. ಪೇಟೆಯ ಬಸ್ಸು ನಿಂತ ಸದ್ದಾದರೆ ಸೆನೋಬಿಯಾ ಇಂದಿಗೂ ಕೈಲಿದ್ದ ಕೆಲಸ ಬಿಟ್ಟು, ಮಗಳನ್ನು ಎತ್ತಿಕೊಂಡು, ಯಾರು ಇಳಿದರೆಂದು ನೋಡುತ್ತಾಳೆ.