ಯಾನ್ ಪೂರ್ತಿ ನೋಡಿದ ಸಿನೆಮಾ

ಇಲ್ಲೆ ಬಂದು ಆರಾಮ ಕೂಡ್ರಿ, ನಾ ಕತಾರಿನಾಗ ಒಬ್ಬ ಗಂಡಸನ್ನ ಅಳಿಸಿದ್ದು ಹೇಳ್ತೀನಿ.

ತೊಂಬತ್ತನೇ ಇಸ್ವಿ ದಾಟಿದ ಮ್ಯಾಲಿನ ಮಾತು. ಮಗಳು ಸುಧಾನ ಬಾಣಂತನಕ್ಕ ಅಲ್ಲಿನ ಅಲ್ ಖೋರ್ ಅನ್ನೂ ಊರಿಗೆ ಹೋಗಿದ್ದೆ. ಬಾಜೂ ಮನಿಯಾಗ ಯಾನ್ ಅಂತ ಡಚ್ ಎಂಜಿನಿಯರ್ ಇದ್ದ. ಹೆಂಡತಿ ತೀರಿ ಎರಡು ವರ್ಷ ಆಗಿತ್ತು. ಒಂದು ಶುಕ್ರವಾರ ತಮ್ಮ ದೇಶದ ಹೆಸರುವಾಸಿ ಪ್ರೇಮದ ಸಿನೆಮಾ ನೋಡಾಕ ಕರೆದ. ಬಾಣಂತಿ ಹೊಸ್ತಿಲ ದಾಟಂಗಿಲ್ಲ ಅಂತ ನಾ ಅಂದಿದ್ದಕ್ಕ ಕ್ಯಾಸೆಟ್ ಹಿಡಕೊಂಡು ಅವನೇ ನಮ್ಮ ಮನಿಗೆ ಬಂದ. ಕಾದಂಬರಿಯಿಂದ ಮಾಡಿದ ಸಿನೆಮಾ ಅಂತ. ಆ ಕಾದಂಬರಿ ಅಂದರ ಅವನ ಹೆಂಡತಿಗೆ ಪ್ರಾಣ.

ನನಗ ಅವರ ಮಾತು ತಿಳೀಲಿಲ್ಲ, ಆದರ ಹುಡುಗ ಹುಡುಗಿ ಜಗಳಾಡಿದ್ದು, ಮತ್ತ ಕೂಡಿದ್ದು ಎಲ್ಲಾ ತಿಳೀತು. ಹುಡುಗಿ ದವಾಖಾನಿ ಸೇರಿದ ಕೂಡ್ಲೆ ಯಾನ್ ಬಂದ್ ಮಾಡಿ, "ಖಲಾಸ್" ಅಂದ.

"ಏನ್ ಖಲಾಸೋ ತಮ್ಮಾ? ಹುಡುಗಿ ಗತಿ ಏನಾತು?"

ಸುಧಾ ಇಂಗ್ಲಿಷಿನಾಗ ಕೇಳಿ ಹೇಳಿದಳು: "ಆಕಿ ಸಾಯ್ತಾಳಂತ. ಹೆಂಡತಿ ಹೋದ ಮ್ಯಾಲೆ ಇವರು ಕಡೀತನಕ ನೋಡೇ ಇಲ್ಲಂತ. ಸುಮ್ನಿರವ್ವಾ."

"ನಮ್ಮಲ್ಲೆ ಪುರಾಣ ಹಚ್ಚಿದರ ಮಂಗಳ ಆಗೂತನಕ ಯಾರೂ ಏಳಂಗಿಲ್ಲ ಅಂತ ಹೇಳು. ನಾ ಬಾಜೂಕ ಕೂಡ್ತೀನಿ ಅನ್ನು."

"ಅವ್ವಾ, ಇದು ಪುರಾಣಲ್ಲ!"

"ನೀ ಹೇಳು."

ಹೇಳಿದಳು. ಯಾನ್ ನನ್ನ ಮಾರಿ ನೋಡಿ ಮತ್ತ ಹಚ್ಚಿದ. ಹುಡುಗಿ ಸತ್ತಳು. ಅವ ನನ್ನ ಕೈ ಹಿಡಕೊಂಡು ಸಣ್ಣ ಕೂಸಿನಂಗ ಅತ್ತ. ಆಮ್ಯಾಲೆ ಪಾಕೀಟಿನಿಂದ ಹೆಂಡತಿ ಫೋಟೋ ತಗದು, ಮೊದಲನೇ ಸಲ ಆಕಿ ಹೆಸರು ಹೇಳಿದ.

ಮರುವರ್ಷ ಯಾನ್ ತನ್ನ ದೇಶಕ್ಕ ಹೋಗಿ ಮತ್ತ ಮದುವಿಯಾದ. ಸುಧಾ ಈಗ ಹುಬ್ಬಳ್ಳಿಯಾಗ ಇದ್ದಾಳ. ಆಗ ಹುಟ್ಟಿದ ಮೊಮ್ಮಗಳು ಯಾವ ಸಿನೆಮಾ ಇದ್ದರೂ ಮುಂದ ಓಡಿಸಿ ಓಡಿಸಿ ನೋಡ್ತಾಳ. ನಾ ಟೀವಿ ಧಾರಾವಾಹಿ ಹಚ್ಚಿ ಕುಂತೀನಿ; ಅವಕ್ಕ ಮುಗಿಯೂ ಮಾತೇ ಇಲ್ಲ.